ಅಬ್ರಹಾಮ, ಬ್ರಹ್ಮ ಮತ್ತು ಒಂದು ನವಿಲಿನ ತೋಕೆ

ಹೋದ ವಾರ ಕ್ಲಾಸು ಮುಗಿದ ಮೇಲೆ ಎಂ.ಎ. ಹುಡುಗನೊಬ್ಬ ಫೋನ್ ಹಿಡಿದುಕೊಂಡು ಬಂದ. "ಮೇಡಂ, ಯೆಹೂದಿಗಳ ಮೂಲಪುರುಷ ಅಬ್ರಹಾಮ ಅಂದ್ರೆ ನಮ್ಮ ಬ್ರಹ್ಮನೇ ಅಂತೆ. ಅವನ ಹೆಂಡತಿ ಸಾರಾ ಅಂದ್ರೆ ಸರಸ್ವತಿ ಅಂತೆ. ಯೆಹೂದಿಗಳು ಯದು ವಂಶದವರಂತೆ. ಹೌದಾ ಮೇಡಂ?"

ಭಾಷಾಚರಿತ್ರೆ ಪಾಠ ಮಾಡುವವರಿಗೆ ಈ ಪ್ರಶ್ನೆ ಹೊಸದಲ್ಲ. ಆದರೂ ಅವನನ್ನು ಸುಮ್ನೆ ಕಳಿಸಲು ಮನಸ್ಸು ಬರಲಿಲ್ಲ. ಮತ್ತೆ ಬೋರ್ಡಿನ ಹತ್ತಿರ ಹೋದೆ.

ಹಳಗನ್ನಡದ ಪಾಲ್, ಪುಲಿ, ಪೆಸರ್, ಪತ್ತು ಬರೆದೆ. ಪಕ್ಕದಲ್ಲಿ ಹಾಲು, ಹುಲಿ, ಹೆಸರು, ಹತ್ತು. ಮೊದಲಿನ ಪಕಾರ ಸಾಲುಸಾಲಾಗಿ ಹಕಾರವಾಗಿದೆ. ತಮಿಳಿನಲ್ಲಿ ಪಕಾರ ಹಾಗೇ ಉಳಿದಿದೆ. ಕೆಳಗೆ ಯೆಹೂದಿಗಳ ಹೀಬ್ರೂ ಮತ್ತು ಅರಬ್ಬಿ ಪದಗಳನ್ನು ಬರೆದೆ. ಹೀಬ್ರೂವಿನ ಶಲೋಮ್‌ಗೆ ಅರಬ್ಬಿಯಲ್ಲಿ ಸಲಾಮ್. ನಾಲಿಗೆಗೆ ಅಲ್ಲಿ ಲಶೋನ್, ಇಲ್ಲಿ ಲಿಸಾನ್. ಹೆಸರಿಗೆ ಅಲ್ಲಿ ಶೇಮ್, ಇಲ್ಲಿ ಇಸ್ಮ್. ಹೀಬ್ರೂವಿನ ಶಕಾರ ಇದ್ದ ಕಡೆ ಅರಬ್ಬಿಯಲ್ಲಿ ಸಕಾರ. ಭಾಷೆಗಳ ನಂಟನ್ನು ನಾವು ಹಿಡಿಯುವುದು ಹೀಗೆ. ಒಂದು ಪದ ಇನ್ನೊಂದರ ಹಾಗೆ ಕೇಳಿಸಿದರೆ ಸಾಲದು. ಒಂದೇ ಬದಲಾವಣೆ ಹತ್ತಾರು ಪದಗಳಲ್ಲಿ ತಪ್ಪದೆ ಕಾಣಬೇಕು.

ಈಗ ಅಬ್ರಹಾಮನನ್ನು ನೋಡಿ. ಬೈಬಲಿನ ಕತೆಯಲ್ಲಿ ಅವನ ಮೊದಲ ಹೆಸರು ಅಬ್ರಾಮ್. ಅಬ್ ಎಂದರೆ ತಂದೆ, ರಾಮ್ ಎಂದರೆ ಎತ್ತರದವನು. ಹಕಾರ ಸೇರುವುದು ಕತೆಯಲ್ಲಿ ಆಮೇಲೆ, ದೇವರು ಹೆಸರು ಬದಲಿಸಿದಾಗ. ಬ್ರಹ್ಮನನ್ನು ಕಾಣಬೇಕಾದರೆ 'ಅಬ್' ಅನ್ನುವ ಪದವನ್ನೇ ಸೀಳಬೇಕಾಗುತ್ತದೆ. ನಮ್ಮ ಅಪ್ಪಣ್ಣನಲ್ಲಿ 'ಅ' ಬಿಟ್ಟು 'ಪ್ಪಣ್ಣ' ಎಂದು ಹಿಡಿದ ಹಾಗೆ. ಸಾರಾ ಎಂದರೆ ಒಡತಿ, ರಾಣಿಯಂಥವಳು. ಬ್ಯಾಬಿಲೋನಿನವರ ಅಕ್ಕಾಡಿಯನ್ ಭಾಷೆಯಲ್ಲಿ ರಾಣಿಗೆ ಶರ್ರತು ಎನ್ನುತ್ತಿದ್ದರು. ಸರಸ್ವತಿಯಲ್ಲಿರುವುದು ಸರಸ್ಸು, ಅಂದರೆ ನೀರು. ಎರಡರ ಬೇರೂ ಬೇರೆ.

"ಮತ್ತೆ ಯೆಹೂದಿಗಳ ಅಬ್ಬಾ, ನಮ್ಮ ಅಪ್ಪ?" ಹುಡುಗ ಬಿಡಲಿಲ್ಲ. ಒಳ್ಳೆಯ ಪ್ರಶ್ನೆಯೇ. ಮಾತು ಕಲಿಯುವ ಕೂಸಿನ ತುಟಿಗೆ ಮೊದಲು ಸಿಗುವುದು ಪ, ಬ, ಮ. ಅದಕ್ಕೇ ಒಂದಕ್ಕೊಂದು ನಂಟಿಲ್ಲದ ಭಾಷೆಗಳಲ್ಲೂ ಅಪ್ಪ ಅಮ್ಮಂದಿರ ಹೆಸರು ಹತ್ತಿರಹತ್ತಿರ ಇರುತ್ತವೆ.

ಈ ಊಹೆ ವಾಟ್ಸ್ಯಾಪ್ ಕಾಲದ್ದು ಅಂದುಕೊಳ್ಳಬೇಡಿ. 18ನೇ ಶತಮಾನದಲ್ಲಿ ಫ್ರಾನ್ಸಿನ ಲೇಖಕ ವೋಲ್ಟೇರ್ ಕೂಡ ಅಬ್ರಹಾಮ ಮತ್ತು ಬ್ರಹ್ಮನನ್ನು ಜೋಡಿಸಲು ನೋಡಿದ್ದ. ಅವನಿಗಿಂತ ಎರಡು ಸಾವಿರ ವರ್ಷ ಹಿಂದೆ, ಅರಿಸ್ಟಾಟಲನ ಶಿಷ್ಯ ಕ್ಲಿಯಾರ್ಕಸ್ ಯೆಹೂದಿಗಳು ಭಾರತದ ಜ್ಞಾನಿಗಳ ಸಂತತಿ ಎಂದು ಬರೆದ. ಆ ಮಾತು ನಮಗೆ ಸಿಕ್ಕಿರುವುದು 1ನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸನಿಂದ. ಜ್ಞಾನಿಗಳಿಗೆ ಭಾರತದಲ್ಲಿ 'ಕಲನೋಯ್' ಎನ್ನುತ್ತಾರೆ, ಸಿರಿಯಾದಲ್ಲಿ ಯೆಹೂದಿಗಳು ಎನ್ನುತ್ತಾರೆ ಎಂಬುದು ಕ್ಲಿಯಾರ್ಕಸನ ವಿವರಣೆ.

ಈ 'ಕಲನೋಯ್' ಎಲ್ಲಿಂದ ಬಂತು? ತಕ್ಷಶಿಲೆಯಿಂದ ಅಲೆಕ್ಸಾಂಡರನ ಜತೆ ಹೊರಟು, ಪರ್ಷಿಯಾದಲ್ಲಿ ತಾನೇ ಚಿತೆ ಏರಿದ ಸನ್ಯಾಸಿಯನ್ನು ಗ್ರೀಕರು ಕಲನೋಸ್ ಎಂದು ಕರೆಯುತ್ತಿದ್ದರು. ಅದು ಅವನ ನಿಜವಾದ ಹೆಸರೂ ಅಲ್ಲ. ಅವನು ಎದುರು ಸಿಕ್ಕವರಿಗೆ 'ಕಲೆ' ಎಂದು ಹರಸುತ್ತಿದ್ದನಂತೆ, ಅದಕ್ಕೇ ಈ ಹೆಸರು ಎಂದು ಗ್ರೀಕ್ ಲೇಖಕ ಪ್ಲೂಟಾರ್ಕ್ ಹೇಳುತ್ತಾನೆ. ಒಬ್ಬನ ಅಡ್ಡಹೆಸರು ಕ್ಲಿಯಾರ್ಕಸನ ಕೈಯಲ್ಲಿ ಇಡೀ ಪಂಗಡದ ಹೆಸರಾಯಿತು. ಈ ಸಾಕ್ಷಿಯನ್ನು ನಾನು ಯಾವತ್ತೂ ಹಗುರವಾಗಿಯೇ ತೂಗುತ್ತೇನೆ.

ನಮ್ಮ ಕಡೆಯ ಹೆಸರುಗಳು ಆ ಸೀಮೆಯಲ್ಲಿದ್ದವು ಎನ್ನಲು ಗಟ್ಟಿ ಸಾಕ್ಷಿ ಬೇರೆ ಇದೆ. 1887ರಲ್ಲಿ ಈಜಿಪ್ಟಿನ ಅಮರ್ನಾದಲ್ಲಿ ಮಣ್ಣಿನ ಹಲಗೆಯ ಪತ್ರಗಳು ಸಿಕ್ಕವು. ಕ್ರಿ.ಪೂ. 14ನೇ ಶತಮಾನದವು. ಇಂದಿನ ಇಸ್ರೇಲಿನಲ್ಲಿರುವ ಮೆಗಿದ್ದೊ ಊರಿನ ಅರಸ ಬಿರಿದಿಯ ಎಂಬವನ ಪತ್ರಗಳೂ ಅವುಗಳಲ್ಲಿವೆ. ಅವನ ಹೆಸರು ಇಂಡೋ-ಆರ್ಯನ್, ಅಂದರೆ ಸಂಸ್ಕೃತದ ಬಳಗದ್ದು, ಎಂದು ತಜ್ಞರು ಓದುತ್ತಾರೆ. ಉತ್ತರದ ಮಿತನ್ನಿ ರಾಜ್ಯದ ಒಪ್ಪಂದವೊಂದರಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರ ಹೆಸರೂ ಇದೆ. ಆದರೆ ಇಂಥ ಹೆಸರಿಟ್ಟುಕೊಂಡವರು ರಥದ ಮೇಲೆ ಕಾದಾಡುತ್ತಿದ್ದ ಸಣ್ಣ ಆಳುವ ವರ್ಗ. ಜನರ ಮಾತನ್ನು ಅವರು ಬದಲಿಸಲಿಲ್ಲ.

ಇಸ್ರೇಲ್ ಎಂಬ ಹೆಸರು ಶಾಸನದಲ್ಲಿ ಮೊದಲು ಕಾಣುವುದು ಕ್ರಿ.ಪೂ. 1208ರ ಸುಮಾರಿಗೆ, ಈಜಿಪ್ಟಿನ ಮೆರ್ನೆಪ್ತಾನ ಕಲ್ಲಿನಲ್ಲಿ. ಆ ಕಾಲಕ್ಕೆ ಕಾನಾನಿನ, ಅಂದರೆ ಇಂದಿನ ಇಸ್ರೇಲ್ ಕಡೆಯ, ಬೆಟ್ಟಗಳಲ್ಲಿ ಸಣ್ಣಸಣ್ಣ ಹಳ್ಳಿಗಳು ಎದ್ದಿದ್ದವು. ಅಲ್ಲಿನ ಮಡಕೆ ಕುಡಿಕೆಗಳು ಹಳೆಯ ಕಾನಾನಿನವೇ. ಇಸ್ರಾಯೇಲ್ ಎಂಬ ಹೆಸರಿನ ಕೊನೆಯಲ್ಲಿರುವ 'ಏಲ್' ಕೂಡ ಆ ಸೀಮೆಯ ಹಳೆಯ ದೇವರ ಹೆಸರು. ಸಿರಿಯಾದ ಉಗಾರಿತ್‌ನಲ್ಲಿ 1929ರಿಂದ ಸಿಕ್ಕ ಹಲಗೆಗಳಲ್ಲಿ ಏಲ್ ದೇವರುಗಳಿಗೆಲ್ಲ ಹಿರಿಯ. ಯೆಹೂದಿಗಳ ಬೇರು ಅಲ್ಲಿಯ ಮಣ್ಣಿನದೇ, ನನಗೆ ಇದರಲ್ಲಿ ಅನುಮಾನವಿಲ್ಲ.

ಹಾಗಂತ ಪೂರ್ವದ ಗಾಳಿ ಬೀಸಲೇ ಇಲ್ಲ ಎಂದಲ್ಲ. ಕ್ರಿ.ಪೂ. 6ನೇ ಶತಮಾನದ ಮೊದಲಲ್ಲಿ ಬ್ಯಾಬಿಲೋನಿನವರು ಜೆರುಸಲೇಮಿನ ಗುಡಿ ಸುಟ್ಟು, ಜನರನ್ನು ಹಿಡಿದುಕೊಂಡು ಹೋದರು. ಕ್ರಿ.ಪೂ. 539ರಲ್ಲಿ ಪರ್ಷಿಯಾದ ಸೈರಸ್ ಬ್ಯಾಬಿಲೋನನ್ನು ಗೆದ್ದ. ಯೆಹೂದಿಗಳು ಊರಿಗೆ ಮರಳಬಹುದಾಯಿತು. ಬೈಬಲಿನ ಯೆಶಾಯನ ಗ್ರಂಥ ಈ ಪರದೇಶಿ ದೊರೆಯನ್ನೇ 'ಮಶೀಅಹ್', ದೇವರ ಅಭಿಷಿಕ್ತ, ಎಂದು ಕರೆಯಿತು. ಇಂದಿಗೂ ಯೆಹೂದಿ ಪಂಚಾಂಗದ ತಿಂಗಳ ಹೆಸರುಗಳು ಬ್ಯಾಬಿಲೋನಿನವು. ಅದರಲ್ಲಿ ತಮ್ಮೂಜ್ ಅಲ್ಲಿಯ ಒಬ್ಬ ದೇವರ ಹೆಸರೇ. ಕಾನೂನಿಗೆ 'ದಾತ್', ತೋಟಕ್ಕೆ 'ಪರ್ದೇಸ್', ಇವೆರಡೂ ಇರಾನಿನ ಕಡೆಯ ಪದಗಳು. ಪರ್ಷಿಯಾದ ಅರಮನೆಯಲ್ಲಿ ನಡೆಯುವ ಬೈಬಲಿನ ಎಸ್ತೇರಳ ಕತೆ ಶುರುವಾಗುವುದೇ 'ಹೋದು'ವಿನಿಂದ ಆಫ್ರಿಕಾದ ಕೂಶ್‌ವರೆಗಿನ 127 ಪ್ರಾಂತ್ಯಗಳಿಂದ. ಹೋದು ಎಂದರೆ ಹಿಂದೂ ದೇಶ, ನಮ್ಮ ಸಿಂಧೂ ಸೀಮೆ. ಆ ಅರಮನೆಯ ತೆರೆಗಳ ಬಟ್ಟೆ 'ಕರ್ಪಸ್', ಅಂದರೆ ಸಂಸ್ಕೃತದ ಕಾರ್ಪಾಸ, ನಮ್ಮ ಹತ್ತಿ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದ ಪದ ಇನ್ನೊಂದಿದೆ. ಇಸ್ರೇಲಿನ ದೊರೆ ಸೊಲೊಮೋನನ ಹಡಗು ಮೂರು ವರ್ಷಕ್ಕೊಮ್ಮೆ ಚಿನ್ನ, ಬೆಳ್ಳಿ, ದಂತ, ಕೋತಿ ಮತ್ತು 'ತುಕ್ಕಿಯ್ಯೀಮ್' ತರುತ್ತಿತ್ತು ಎಂದು ಬೈಬಲಿನ ಅರಸುಗಳ ಮೊದಲ ಪುಸ್ತಕ ಹೇಳುತ್ತದೆ. ಕೊನೆಯ ಈಮ್ ಬಹುವಚನ. ಉಳಿಯುವುದು ತುಕ್ಕಿ. ಅದು ನವಿಲು ಎಂಬುದು ಹಳೆಯ ಅರ್ಥ. ತಮಿಳಿನ ತೋಗೈ, ಕನ್ನಡದ ತೋಕೆ, ಮಲಯಾಳದ ತೋಗ ಇದರ ಮೂಲ ಎಂದು ಹಲವು ಪಂಡಿತರು ಒಪ್ಪುತ್ತಾರೆ. ಈಜಿಪ್ಟಿನ ಕಡೆ ಮೂಲ ಹುಡುಕುವವರೂ ಇದ್ದಾರೆ, ನಾನು ತೋಕೆಯ ಕಡೆ. ಗರಿ ಬಿಚ್ಚಿದ ಹಕ್ಕಿಯನ್ನು ದಡದಲ್ಲಿ ಮಾರುತ್ತಿದ್ದವರು ಏನೆಂದು ಕರೆದರೋ, ಅದನ್ನೇ ಕೊಂಡವರೂ ಹೊತ್ತೊಯ್ದಿರಬೇಕು, ಅಲ್ವಾ? ಇಂದಿನ ಹೀಬ್ರೂವಿನಲ್ಲಿ ತುಕ್ಕಿ ಎಂದರೆ ಗಿಳಿ.

ಹುಡುಗನ ಮುಖ ಸ್ವಲ್ಪ ಸಪ್ಪಗಾಗಿತ್ತು. ಹಾಗಾಗಿ ಮಂಗಳೂರಿನ ಕತೆಯನ್ನೂ ಹೇಳಿದೆ. ಟುನೀಶಿಯಾದ ಯೆಹೂದಿ ವ್ಯಾಪಾರಿಯೊಬ್ಬ 1130ರ ದಶಕದಿಂದ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಮಲಬಾರ್ ಕಡಲ ದಂಡೆಯಲ್ಲಿ, ಮುಖ್ಯವಾಗಿ ಮಂಗಳೂರಿನಲ್ಲಿದ್ದ. ಮೆಣಸು, ಅಡಿಕೆ ಕಳಿಸುತ್ತಿದ್ದ, ಲೋಹದ ಪಾತ್ರೆ ಮಾಡಿಸುತ್ತಿದ್ದ. ಅವನಿಗೆ ಬಂದ ಪತ್ರಗಳು ಕೈರೋದ ಒಂದು ಯೆಹೂದಿ ಮಂದಿರದ ಕೋಣೆಯಲ್ಲಿ ಉಳಿದಿದ್ದವು. ಮಾತು ಅರಬ್ಬಿ, ಲಿಪಿ ಹೀಬ್ರೂ. ಅವನ ಪರವಾಗಿ ಯೆಮನ್ನಿನ ಏಡನ್ ಬಂದರಿಗೆ ಹೋಗಿಬರುತ್ತಿದ್ದ ಆಳಿನ ಹೆಸರು ಆ ಪತ್ರಗಳಲ್ಲಿ ಬರೀ ಮೂರು ಅಕ್ಷರ: ಬ, ಮ, ಹ. ಅದನ್ನು ಬೊಮ್ಮ ಎಂದು ಓದಿದ್ದಾರೆ. ಬೊಮ್ಮ ಅಂದರೆ ಬ್ರಹ್ಮನ ತದ್ಭವ.

ಆ ವ್ಯಾಪಾರಿಯ ಹೆಸರು ಅಬ್ರಹಾಮ್ ಬೆನ್ ಯಿಜು.