ಗಟ್ಟಿ ಬೂಟು ಈಗ ಸಿಗುವುದೇ ಇಲ್ವಾ?

"ಈಗಿನ ಬೂಟೆಲ್ಲ ಚೀನಾ ಮಾಲಂತೆ, ಒಂದೇ ಮಳೆಗಾಲಕ್ಕೆ ಬಾಯಿ ಬಿಡುತ್ತದೆ. ಹಿಂದಿನ ಹಾಗೆ ಗಟ್ಟಿ ಬೂಟು ಎಲ್ಲಿ ಸಿಗುತ್ತದೆ ಸರ್? ನನಗೆ ತೋಟಕ್ಕೆ ಬೇಕು, ಮಗನಿಗೆ ವರ್ಕ್‌ಶಾಪಿಗೆ ಬೇಕು."

ಮೇ ಕೊನೆಗೆ ಈ ಪ್ರಶ್ನೆ ಶುರುವಾಗುತ್ತದೆ. ಮಳೆ ಹಿಡಿದ ಮೇಲಂತೂ ಕೇಳುವುದೇ ಬೇಡ. ತೀರ್ಥಹಳ್ಳಿಯಿಂದ ಬಂತು, ಹೊಸನಗರದಿಂದ ಬಂತು, ಸಾಗರದವರು ಎರಡು ಸಲ ಕೇಳಿದರು. ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೂತು ವರ್ಷಗಟ್ಟಲೆ ಬೂಟು ಹಂಚಿದವನು ನಾನು, ಈಗ ಅಡಿಕೆ ತೋಟದಲ್ಲಿ ಅದನ್ನೇ ಹಾಕಿಕೊಂಡು ಓಡಾಡುತ್ತೇನೆ, ಅದಕ್ಕೇ ಕೇಳುತ್ತಾರೆ ಅಂತ ಇಟ್ಟುಕೊಳ್ಳಿ. ಸರಿ, ಇನ್ನೊಂದು ಸಲ ಬರೆಯುತ್ತೇನೆ.

ಮೊದಲು ಉತ್ತರ, ಆಮೇಲೆ ಜಗಳ. ತೋಟಕ್ಕೂ ವರ್ಕ್‌ಶಾಪಿಗೂ ಒಂದೇ ಬೂಟು ಅಂತ ಹುಡುಕಬೇಡಿ. ತೋಟಕ್ಕೆ ಗಂಬೂಟು. ವರ್ಕ್‌ಶಾಪಿಗೆ ಸೇಫ್ಟಿ ಶೂ, ಐಎಸ್‌ಐ ಗುರುತು ಇದ್ದು ಐಎಸ್ 15298 ಭಾಗ 2 ಅಂತ ಬರೆದಿರುವುದು. ಹಾಗೆ ಬರೆದಿದ್ದರೆ ಮುಂದಿನ ಟೋ 200 ಜೂಲ್ ಪೆಟ್ಟು ತಡೆಯಬೇಕು. ಸುಮಾರು 20 ಕೆಜಿಯ ಕಬ್ಬಿಣದ ತುಂಡು ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು.

ಇನ್ನು ಚೀನಾ ವಿಷಯ.

ಎಲ್ಲಿ ಮಾಡಿದ್ದು ಅನ್ನುವುದರಿಂದ ಬೂಟಿನ ಆಯಸ್ಸು ಗೊತ್ತಾಗುವುದಿಲ್ಲ. ಎಷ್ಟು ಸಲ ಹೇಳಲಿ ಮಾರಾಯ್ರೇ! ಇಂಗ್ಲೆಂಡಿನ ಡಾಕ್ಟರ್ ಮಾರ್ಟೆನ್ಸ್ ಕಂಪನಿ 2003ರಲ್ಲಿ ತನ್ನ ಹೆಚ್ಚಿನ ಕೆಲಸವನ್ನು ಏಷ್ಯಾಕ್ಕೆ ಸಾಗಿಸಿತು. ಸ್ಕಾಟ್ಲೆಂಡಿನಲ್ಲಿ ಗಂಬೂಟು ಮಾಡುತ್ತಿದ್ದ ಹಂಟರ್ ಕೂಡ 2008ರ ಹೊತ್ತಿಗೆ ಹೊರದೇಶದ ದಾರಿ ಹಿಡಿಯಿತು. "ಹೊರಗೆ ಹೋಯಿತು, ಹಾಳಾಯಿತು" ಅನ್ನುವುದು ಅಲ್ಲಿನವರ ಗೋಳು. ಆ ಗೋಳನ್ನು ನಾವು ಯಾಕೆ ಕಡ ತರಬೇಕು? ಅವರಿಗೆ ಹೊರದೇಶ ಅಂದರೆ ನಾವೂ ಸೇರಿ ಅಲ್ವಾ? ತಮಿಳುನಾಡಿನ ಅಂಬೂರು, ವಾಣಿಯಂಬಾಡಿ, ರಾಣಿಪೇಟೆ ಸುತ್ತ ವಿದೇಶಿ ಬ್ರ್ಯಾಂಡುಗಳಿಗೆ ಶೂ ಮಾಡಿ ಕಳಿಸುವುದೇ ದೊಡ್ಡ ಕಸುಬು. ಅಮೆರಿಕದ ಅಳಿಯ ಸೂಟ್‌ಕೇಸಿನಲ್ಲಿ ತಂದು ಕೊಟ್ಟ "ಫಾರಿನ್ ಶೂ" ಅಂಬೂರಿನಲ್ಲೇ ಹುಟ್ಟಿ, ಸಮುದ್ರ ದಾಟಿ ಹೋಗಿ, ವಿಮಾನ ಹತ್ತಿ ತವರಿಗೆ ಬಂದಿರಬಹುದು. ಒಳಗಿನ ಚೀಟಿ ಓದಿ ನೋಡಿ. ಇನ್ನೊಂದು ತಮಾಷೆ, "ನಮ್ಮ ಸ್ವದೇಶಿ ಬಾಟಾ" ಅನ್ನುವವರು ಇವತ್ತಿಗೂ ಇದ್ದಾರೆ. ಬಾಟಾ ಶುರುವಾಗಿದ್ದು 1894ರಲ್ಲಿ, ಈಗಿನ ಚೆಕ್ ದೇಶದ ಜ್ಲೀನ್ ಎಂಬ ಊರಿನಲ್ಲಿ.

ಕಾರ್ಖಾನೆ ಯಾವ ದೇಶದ್ದೇ ಆಗಲಿ, ಆರ್ಡರ್ ಕೊಟ್ಟವನು ಕೇಳಿದ್ದನ್ನು ಮಾಡುತ್ತದೆ. ಹೊಲಿಗೆ ಬೇಕು ಅಂದರೆ ಹೊಲಿಯುತ್ತಾರೆ, ಅಂಟು ಸಾಕು ಅಂದರೆ ಅಂಟಿಸುತ್ತಾರೆ. ಕಂಪನಿ ದುಡ್ಡು ಉಳಿಸಲಿಕ್ಕೆಂದೇ ಊರು ಬಿಟ್ಟಾಗ ಚರ್ಮ, ಅಂಟು, ದಾರ ಎಲ್ಲದರಲ್ಲೂ ಅಷ್ಟಷ್ಟು ಉಳಿಸಿರಬಹುದು, ಅದು ನಿಜ. ಆದರೆ ಅದು ಉಳಿಸಿದವನ ತಪ್ಪು. ಕೆಟ್ಟ ಹೆಸರು ಮಾತ್ರ ಹೊಲಿದವನಿಗೆ.

"ಅಪ್ಪನ ಬೂಟು ಇಪ್ಪತ್ತು ವರ್ಷ ಬಂತು" ಅನ್ನುತ್ತೀರಿ. ನನ್ನ ಅಪ್ಪನದೂ ಬಂತು. ಯಾಕೆ ಗೊತ್ತಾ? ಅಪ್ಪ ಅದನ್ನು ತೋಟಕ್ಕೆ ಹಾಕಲೇ ಇಲ್ಲ. ತೋಟಕ್ಕೆ ಬರಿಗಾಲು, ತಲೆ ಮೇಲೆ ಕಂಬಳಿ ಕೊಪ್ಪೆ, ಅಷ್ಟೇ. ಬೂಟು ಇದ್ದಿದ್ದು ಪೇಟೆಗೆ ಮತ್ತು ಮದುವೆಮನೆಗೆ. ಅದೂ ಹೊಲಿಗೆ ಬೂಟು, ಅಟ್ಟೆ ಸವೆದಾಗಲೆಲ್ಲ ಹೊಸದು ಹೊಲಿಸಿಕೊಂಡು ಬರುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಹಳೆಯದು ಅಂತ ಉಳಿದಿದ್ದು ಮೇಲಿನ ಚರ್ಮ ಮಾತ್ರ.

ಈಗ ನನ್ನ ಮೂರ್ಖತನ ಕೇಳಿ. ಸೇಫ್ಟಿ ಶೂ ಒಂದು ಜೊತೆ ಜಾಸ್ತಿ ತೆಗೆದುಕೊಂಡು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅಟ್ಟದ ಮೇಲೆ ಇಟ್ಟಿದ್ದೆ. ಐದು ಮಳೆಗಾಲ ಕಳೆದು ಇಳಿಸಿ ಹಾಕಿಕೊಂಡೆ. ಅಂಗಳ ದಾಟುವಷ್ಟರಲ್ಲಿ ಶೂವಿನ ಸೋಲು, ಅಂದರೆ ಅಟ್ಟೆ, ಒಣಗಿದ ಕೇಕಿನ ಹಾಗೆ ಉದುರತೊಡಗಿತು, ಹಿಂದಿನಿಂದ ಹೆಂಡತಿ ಪೊರಕೆ ಹಿಡಿದು ಬಂದಳು. ಒಂದು ದಿನವೂ ಹಾಕದ ಶೂ! ನಾನೂ ಅವತ್ತು ಅಂಗಡಿಯವನಿಗೆ ಬೈದೆ, ಚೀನಾಕ್ಕೂ ಬೈದೆ. ಆಮೇಲೆ ಚೀಟಿ ನೋಡಿದರೆ ನಮ್ಮ ದೇಶದ್ದೇ ಮಾಲು.

ವಿಷಯ ಇಷ್ಟು. ನಮ್ಮಲ್ಲಿ ಸಿಗುವ ಬಹಳಷ್ಟು ಸೇಫ್ಟಿ ಶೂಗಳ ಸೋಲು ಪಿಯು, ಅಂದರೆ ಪಾಲಿಯುರಿಥೇನ್. ಹಗುರ, ಮೆತ್ತಗೆ, ಕಾಲಿಗೆ ಸುಖ. ಆದರೆ ಅದರಲ್ಲಿ ಪಾಲಿಯೆಸ್ಟರ್ ಜಾತಿಯದನ್ನು ನೀರಿನ ಪಸೆ ಒಳಗಿನಿಂದಲೇ ತಿನ್ನುತ್ತದೆ. ಹಾಕಿದರೂ ಅಷ್ಟೇ, ಇಟ್ಟರೂ ಅಷ್ಟೇ. ಬಿಸಿ ಮತ್ತು ತೇವ ಒಟ್ಟಿಗೆ ಇದ್ದರೆ ಇನ್ನೂ ಬೇಗ. ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುತ್ತದೆ, ಗೋಡೆಗೇ ಹಾವಸೆ ಹಿಡಿಯುತ್ತದೆ, ಪ್ಲಾಸ್ಟಿಕ್ ಕವರಿನೊಳಗೆ ಕಟ್ಟಿಟ್ಟ ಶೂ ಏನಾಗಬೇಕು? ಹಾಗಾಗಿ ಪಿಯು ಶೂವನ್ನು ಹಾಲಿನ ಪ್ಯಾಕೆಟ್ಟಿನ ಹಾಗೆ ತಾರೀಕು ನೋಡಿ ತೆಗೆದುಕೊಳ್ಳಿ. 15298ರ ಶೂ ಮೇಲೆ ತಯಾರಾದ ವರ್ಷ ಇರಲೇಬೇಕು. ಡಿಸ್ಕೌಂಟಿನಲ್ಲಿ ಹಳೇ ಸ್ಟಾಕ್ ಕೊಟ್ಟರೆ ಅದು ಲಾಭವಲ್ಲ. ಒದ್ದೆ ನೆಲದ ಕೆಲಸವಾದರೆ ನೈಟ್ರೈಲ್ ರಬ್ಬರ್ ಸೋಲು ಕೇಳಿ, ಸ್ವಲ್ಪ ಭಾರ, ಆದರೆ ಹೀಗೆ ಪುಡಿಯಾಗುವುದಿಲ್ಲ.

ಗಂಬೂಟಿನಲ್ಲೂ ಒಂದು ಕಣ್ಕಟ್ಟು ಇದೆ. ಅಂಗಡಿಯಲ್ಲಿ "ರಬ್ಬರ್" ಅಂತ ಕೊಡುವ ಎಷ್ಟೋ ಬೂಟು ಪಿವಿಸಿ, ಅಂದರೆ ಒಂದು ಜಾತಿಯ ಪ್ಲಾಸ್ಟಿಕ್. ಐಎಸ್ 12254 ಅಂತ ಇದ್ದರೆ ಪಿವಿಸಿ, 5557 ಇದ್ದರೆ ರಬ್ಬರ್. ಪಿವಿಸಿ ಕೆಟ್ಟದ್ದೇನಲ್ಲ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವವರಿಗೆ ಅದೇ ವಾಸಿ ಅಂತ ನನ್ನ ಲೆಕ್ಕ. ಬೋರ್ಡೋದಲ್ಲಿರುವುದು ಮೈಲುತುತ್ತ, ಮೈಲುತುತ್ತದಲ್ಲಿರುವುದು ತಾಮ್ರ, ತಾಮ್ರ ನೈಸರ್ಗಿಕ ರಬ್ಬರಿಗೆ ವಿಷ ಇದ್ದ ಹಾಗೆ. ರಬ್ಬರ್ ಬೂಟೇ ಇದ್ದರೆ ಔಷಧಿ ಹೊಡೆದ ದಿನ ಸಂಜೆಯೇ ತೊಳೆಯಿರಿ. ಯಾವ ಬೂಟನ್ನೂ ಬಚ್ಚಲ ಒಲೆ ಮುಂದೆ ಒಣಗಲು ಇಡಬೇಡಿ. ಒಳಗೆ ಹಳೇ ಪೇಪರ್ ತುರುಕಿ, ಗಾಳಿಗೆ ಇಡಿ, ಸಾಕು.

ಇನ್ನು ಯಾರೂ ಕೇಳದ ಪ್ರಶ್ನೆ. ಗಂಬೂಟು ಯಾವಾಗ ಬಿಚ್ಚಿಡಬೇಕು?

ನಮ್ಮ ಕಡೆ ಬೂಟು ಅಂದರೆ ಮಳೆ, ಉಂಬಳ ಅಂದರೆ ಜಿಗಣೆ, ಕೆಸರು. ದೀಪಾವಳಿ ಕಳೆಯಿತು ಅಂದರೆ ಅದು ಅಟ್ಟಕ್ಕೆ, ಕಾಲಿಗೆ ಹವಾಯಿ ಚಪ್ಪಲಿ. ಆದರೆ ಮಂಗನ ಕಾಯಿಲೆ ಜೋರಾಗುವುದು ಮಳೆ ಮುಗಿದ ಮೇಲೆ, ಹೆಚ್ಚುಕಡಿಮೆ ಡಿಸೆಂಬರಿನಿಂದ ಮೇ ತನಕ. 1957ರಲ್ಲಿ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲೇ ಗುರುತಿಸಿದ ಕಾಯಿಲೆ ಅದು, ಹರಡುವುದು ಉಣುಗಿನಿಂದ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಹುಳದಿಂದ. ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರಲು, ಸೌದೆ ತರಲು ನಾವು ಕಾಡಿಗೆ ನುಗ್ಗುವುದೂ ಅದೇ ತಿಂಗಳುಗಳಲ್ಲಿ. ಉಣುಗು ಎಲೆ ನಡುವೆ ಕಾದು ಕೂತಿರುವಾಗ ನಮ್ಮ ಬೂಟು ಅಟ್ಟದ ಮೇಲೆ!

ಬೂಟೊಂದೇ ಸಾಲದು. ಪ್ಯಾಂಟನ್ನು ಬೂಟಿನೊಳಗೆ ಸೇರಿಸಬೇಕು, ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಬೇಕು, ಬಂದ ಮೇಲೆ ಬಿಸಿನೀರು ಸ್ನಾನ ಮಾಡಿ ಬಟ್ಟೆ ಒಗೆಯಬೇಕು. ನಮ್ಮ ಮನೆಯ ಗಂಬೂಟು ಈಗ ವರ್ಷಪೂರ್ತಿ ಜಗಲಿ ಮೂಲೆಯಲ್ಲೇ ಇರುತ್ತದೆ, ತಲೆಕೆಳಗಾಗಿ, ಎರಡು ಗೂಟದ ಮೇಲೆ. ನೆಟ್ಟಗೆ ಇಟ್ಟರೆ ಒಳಗೆ ಕಪ್ಪೆ ಸಂಸಾರ ಹೂಡುತ್ತದೆ. ಕಪ್ಪೆ ಹುಡುಕಿಕೊಂಡು ಹಾವೂ ಬರಬಹುದು, ಹಾಗಾಗಿ ಕಾಲು ಹಾಕುವ ಮೊದಲು ಒಂದು ಸಲ ಕೊಡವಿ.