ಕಲಿಸುವ ಕೈಗೆ ಕಲಿಸುವುದು ಹೇಗೆ?

ಫಿಸಿಯೋಥೆರಪಿ ಕಾಲೇಜಿನ ಪ್ರಾಕ್ಟಿಕಲ್ ಕೋಣೆ. ಮಂಚದ ಮೇಲೆ ಒಬ್ಬ ಹುಡುಗ ಮಲಗಿದ್ದಾನೆ. ಅವನ ಸಹಪಾಠಿ ಕೈಯಲ್ಲಿ ಗೋನಿಯೋಮೀಟರ್ ಹಿಡಿದು ಪಕ್ಕದಲ್ಲಿ ನಿಂತಿದ್ದಾಳೆ. ಎರಡು ಪಟ್ಟಿಗಳನ್ನು ಒಂದು ತಿರುಗಣಿಯಲ್ಲಿ ಸೇರಿಸಿ ಮಾಡಿದ, ಕೋನ ಅಳೆಯುವ ಸಾಧನ ಅದು. ತಿರುಗಣಿಯನ್ನು ಮಂಡಿಯ ಹೊರಬದಿಯ ಮೂಳೆಯ ಉಬ್ಬಿನ ಮೇಲೆ ಇಡುತ್ತಾಳೆ. ಒಂದು ಪಟ್ಟಿ ತೊಡೆಯ ಉದ್ದಕ್ಕೆ, ಇನ್ನೊಂದು ಪಾದದ ಗಂಟಿನ ಹೊರಬದಿಯ ಕಡೆಗೆ. ಅವನು ಮಂಡಿ ಮಡಿಸುತ್ತಾನೆ. 135 ಡಿಗ್ರಿ. ಮತ್ತೊಮ್ಮೆ. ಹತ್ತು ಸಲ ಅದೇ ಮಂಡಿ, ಅದೇ ಅಳತೆ. ಪ್ರತಿ ಸಲವೂ ಮೇಡಂ "ಸರಿ", "ಸ್ವಲ್ಪ ಕೆಳಗೆ" ಅಂತ ತಿದ್ದುತ್ತಾರೆ. ತರಗತಿ ಮುಗಿಯುವ ಹೊತ್ತಿಗೆ ಅವಳ ಕೈ ಪಳಗಿದೆ ಅನ್ನಿಸುತ್ತದೆ.

ಕೆಲವು ವಾರ ಬಿಟ್ಟು ಅವಳು ಆಸ್ಪತ್ರೆಯಲ್ಲಿದ್ದಾಳೆ. ಎದುರಿಗೆ ಮಂಡಿ ಆಪರೇಷನ್ ಆದ ಅಜ್ಜಿ. ಮಂಡಿ ಊದಿಕೊಂಡಿದೆ, ಮೂಳೆಯ ಉಬ್ಬು ಬೆರಳಿಗೆ ಸಿಗುವುದಿಲ್ಲ. ಮುಟ್ಟಿದ ಕೂಡಲೇ ಅಜ್ಜಿ ಕಾಲನ್ನು ಬಿಗಿ ಹಿಡಿಯುತ್ತಾರೆ. "ಮಡಿಸಿದ್ರೆ ಹೊಲಿಗೆ ಬಿಚ್ಚಿಕೊಳ್ಳಲ್ವಾಮ್ಮಾ?" ಅಂತ ಕೇಳುತ್ತಾರೆ. ಪಳಗಿದ್ದ ಕೈ ತಡವರಿಸುತ್ತದೆ. ತಪ್ಪು ಆ ಹುಡುಗಿಯದಲ್ಲ. ಅವಳಿಗೆ ಕಲಿಸಿದ ರೀತಿಯದು.

ಇದು ನನ್ನನ್ನು ಜಾಸ್ತಿ ಕಾಡುವುದಕ್ಕೆ ಕಾರಣ ಇದೆ. ಚಲನೆಯನ್ನು ಕಲಿಸುವುದೇ ಫಿಸಿಯೋಥೆರಪಿಸ್ಟ್‌ಗಳ ಕಸುಬು. ಲಕ್ವ ಹೊಡೆದವರಿಗೆ ಮತ್ತೆ ಲೋಟ ಎತ್ತುವುದನ್ನು, ಬಿದ್ದು ಹೆದರಿದವರಿಗೆ ಮತ್ತೆ ಮೆಟ್ಟಿಲು ಹತ್ತುವುದನ್ನು ಕಲಿಸುವವರು ಅವರು. ದೇಹ ಹೇಗೆ ಕಲಿಯುತ್ತದೆ ಎಂಬ ವಿಜ್ಞಾನ ಅವರ ಪಠ್ಯದಲ್ಲೇ ಇದೆ. ಅದನ್ನು ರೋಗಿಗಳ ಮೇಲೆ ಬಳಸುತ್ತಾರೆ. ತಮ್ಮ ವಿದ್ಯಾರ್ಥಿಗಳಿಗೆ ಕಲಿಸುವಾಗ ಮಾತ್ರ ಮರೆತುಬಿಡುತ್ತಾರೆ.

1979ರ ಒಂದು ಪ್ರಯೋಗ ನೋಡಿ. ಶೇ ಮತ್ತು ಮಾರ್ಗನ್ ಎಂಬ ಇಬ್ಬರು ಸಂಶೋಧಕರು ಮಾಡಿದ್ದು. ಕೈಯಲ್ಲಿ ಟೆನಿಸ್ ಚೆಂಡು ಹಿಡಿದು, ಪುಟ್ಟ ಮರದ ಪಟ್ಟಿಗಳನ್ನು ಹೇಳಿದ ಕ್ರಮದಲ್ಲಿ ಬೇಗ ಬೇಗ ಬೀಳಿಸಬೇಕು. ಕ್ರಮಗಳು ಮೂರು. ಒಂದು ಗುಂಪು ಒಂದನ್ನು ಪೂರ್ತಿ ಅಭ್ಯಾಸ ಮಾಡಿ ಮುಂದಿನದಕ್ಕೆ ಹೋಯಿತು. ಇನ್ನೊಂದು ಗುಂಪು ಮೂರನ್ನೂ ಕಲಸಿ ಅಭ್ಯಾಸ ಮಾಡಿತು. ಅಭ್ಯಾಸದ ಹೊತ್ತಿನಲ್ಲಿ ಮೊದಲನೆಯವರೇ ಚುರುಕು. ಹತ್ತು ದಿನ ಬಿಟ್ಟು ಪರೀಕ್ಷಿಸಿದಾಗ ಕಲಸಿ ಕಲಿತವರು ಮುಂದಿದ್ದರು. ಹೊಸ, ಕಷ್ಟದ ಕ್ರಮ ಕೊಟ್ಟಾಗಲೂ ಅವರೇ ಮುಂದೆ.

ಕೆಲಸ ಬದಲಾದಾಗೆಲ್ಲ ಮೆದುಳು ಅದರ ಯೋಜನೆಯನ್ನು ಮೊದಲಿಂದ ಕಟ್ಟಬೇಕಾಗುತ್ತದೆ. ಆ ತಿಣುಕಾಟದಲ್ಲೇ ಕಲಿಕೆ ಬೇರು ಬಿಡುತ್ತದೆ ಅನ್ನುವುದು ಇದಕ್ಕೆ ಕೊಡುವ ಒಂದು ವಿವರಣೆ.

ತಿದ್ದುವುದರ ಬಗ್ಗೆಯೂ ಇಂಥದ್ದೇ ಒಂದು ಅಧ್ಯಯನ ಇದೆ. 1990ರಲ್ಲಿ ಕ್ಯಾರೊಲೀ ವಿನ್‌ಸ್ಟೀನ್ ಮತ್ತು ರಿಚರ್ಡ್ ಶ್ಮಿಟ್ ಪ್ರಕಟಿಸಿದ್ದು. ವಿನ್‌ಸ್ಟೀನ್ ಸ್ವತಃ ಫಿಸಿಯೋಥೆರಪಿಸ್ಟ್. ಒಂದು ಸನ್ನೆಕೋಲನ್ನು ನಿಗದಿತ ರೀತಿಯಲ್ಲಿ ಆಡಿಸುವುದನ್ನು ಜನ ಕಲಿತರು. ಕೆಲವರಿಗೆ ಪ್ರತಿ ಸಲವೂ ಎಷ್ಟು ತಪ್ಪಾಯಿತು ಎಂದು ತಿಳಿಸಿದರು. ಇನ್ನು ಕೆಲವರಿಗೆ ಅರ್ಧದಷ್ಟು ಸಲ ಮಾತ್ರ. ಮರುದಿನ ಯಾವ ಸುಳಿವೂ ಕೊಡದೆ ಪರೀಕ್ಷಿಸಿದಾಗ, ಕಡಿಮೆ ತಿದ್ದಿಸಿಕೊಂಡವರೇ ಚೆನ್ನಾಗಿ ಮಾಡಿದರು. ಸದಾ ಸಿಗುವ ತಿದ್ದುಪಡಿ ಊರುಗೋಲಿನ ಹಾಗೆ. ಅದರ ಮೇಲೆ ಭಾರ ಹಾಕಿದವರು ತಮ್ಮ ಕೈ ಏನು ಹೇಳುತ್ತಿದೆ ಎಂದು ಕೇಳಿಸಿಕೊಳ್ಳುವುದಿಲ್ಲ.

ಈಗ ಆ ಕೋಣೆಗೆ ಮರಳೋಣ. ಹತ್ತು ಸಲ ಒಂದೇ ಮಂಡಿಯ ಬದಲು, ಒಮ್ಮೆ ಮಂಡಿ, ಒಮ್ಮೆ ಭುಜ, ಒಮ್ಮೆ ಪಾದದ ಗಂಟು. ದಪ್ಪ ಕಾಲು, ಸಣ್ಣ ಕಾಲು. ಬಟ್ಟೆ ಸುತ್ತಿ ಊದಿಕೊಂಡಂತೆ ಮಾಡಿದ ಕಾಲು. ಮೇಡಂ ಸುಮ್ನೆ ನೋಡುತ್ತಾರೆ. "ನಿನಗೆ ಎಷ್ಟು ಡಿಗ್ರಿ ತಪ್ಪಿರಬಹುದು ಅನ್ನಿಸುತ್ತೆ?" ಅಂತ ಮೊದಲು ಕೇಳಿ, ಆಮೇಲೆ ತಾವು ಅಳೆಯುತ್ತಾರೆ. ಏನೂ ಗೊತ್ತಿಲ್ಲದ ಮೊದಲ ದಿನ ಸಾಲಾಗಿ ಅಭ್ಯಾಸ ಮಾಡಿಸಿ, ಬೇಕಾದಷ್ಟು ತಿದ್ದಬಹುದು. ಅದು ಅಗತ್ಯ ಕೂಡ. ಅಲ್ಲೇ ನಿಲ್ಲಬಾರದು ಅಷ್ಟೆ.

ಆದರೂ ಅಜ್ಜಿಯ ಹೆದರಿಕೆ ಸಹಪಾಠಿಯ ಕಾಲಿನಲ್ಲಿ ಸಿಗುವುದಿಲ್ಲ ಅಲ್ವಾ? ಅದಕ್ಕೆ ನಟರನ್ನು ರೋಗಿಗಳಾಗಿ ಕರೆಸುವ ಪದ್ಧತಿ ಇದೆ. ಆಸ್ಟ್ರೇಲಿಯಾದಲ್ಲಿ 370 ವಿದ್ಯಾರ್ಥಿಗಳ ಮೇಲೆ ನಡೆಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಕೆಲವರಿಗೆ ಕ್ಲಿನಿಕ್‌ನ ತರಬೇತಿಯ ಕಾಲು ಭಾಗವನ್ನು ಇಂಥ ಅಭಿನಯದ ರೋಗಿಗಳ ಜೊತೆ ಕೊಟ್ಟರು. ಪೂರ್ತಿ ಕಾಲ ಕ್ಲಿನಿಕ್‌ನಲ್ಲೇ ಕಲಿತವರಿಗಿಂತ ಅವರೇನೂ ಹಿಂದೆ ಬೀಳಲಿಲ್ಲ. ನನಗೆ ಇದರಲ್ಲಿ ತುಂಬ ಹಿಡಿಸುವುದು ಒಂದು ಅನುಕೂಲ. ನಿಜವಾದ ರೋಗಿ ನೋವು ನುಂಗಿಕೊಂಡು ಮನೆಗೆ ಹೋಗುತ್ತಾರೆ. ನಟ ಮಾತ್ರ ಆಟ ನಿಲ್ಲಿಸಿ, "ನೀನು ನನ್ನ ಕಾಲು ನೋಡಿದೆ, ಮುಖ ನೋಡಲೇ ಇಲ್ಲ" ಅಂತ ಹೇಳಬಲ್ಲ.

ಏನು ಕಲಿಸಬೇಕು ಅನ್ನುವುದೂ ಬದಲಾಗುತ್ತಿರಬೇಕು. ಬೆನ್ನು ನೋವಿಗೆ ವಾರಗಟ್ಟಲೆ ಮಲಗಿ ಎನ್ನುವ ಕಾಲ ಇತ್ತು. 1986ರಲ್ಲಿ ಅಮೆರಿಕದ ಒಂದು ಅಧ್ಯಯನದಲ್ಲಿ, ಎರಡು ದಿನ ಮಲಗಿ ಎಂದು ಹೇಳಿಸಿಕೊಂಡವರು ಏಳು ದಿನದವರಷ್ಟೇ ಚೇತರಿಸಿಕೊಂಡರು, ಕೆಲಸಕ್ಕೆ ರಜೆ ಹಾಕಿದ್ದು ಮಾತ್ರ ಕಡಿಮೆ. 1994ರಲ್ಲಿ ಬೆನ್ನು ನೋವೇ ಇಲ್ಲದ 98 ಜನರ ಎಂಆರ್‌ಐ ತೆಗೆದರು. ಶೇ. 52ರಷ್ಟು ಜನರಲ್ಲಿ ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಒಂದಾದರೂ ಉಬ್ಬಿತ್ತು. ಚಿತ್ರ ತೋರಿಸಿ ರೋಗಿಯನ್ನು ಹೆದರಿಸುವ ಮೊದಲು ಇದು ಗೊತ್ತಿರಬೇಕು.

ಇಷ್ಟೆಲ್ಲ ಗೊತ್ತಿದ್ದೂ ತರಗತಿ ಯಾಕೆ ಬದಲಾಗುವುದಿಲ್ಲ? ಒಂದು ಕಾರಣ ಪರೀಕ್ಷೆ. ಪಟ್ಟಿ ಬರೆಯಿರಿ ಎಂದು ಕೇಳಿದರೆ ಮಕ್ಕಳು ಪಟ್ಟಿಯನ್ನೇ ಬಾಯಿಪಾಠ ಮಾಡುತ್ತಾರೆ. 1975ರಲ್ಲೇ ಸ್ಕಾಟ್‌ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ವೈದ್ಯ ವಿದ್ಯಾರ್ಥಿಗಳಿಗೆ ಬೇರೆ ದಾರಿ ತೋರಿಸಿದ್ದರು. ಪರೀಕ್ಷೆಯಲ್ಲಿ ವಿದ್ಯಾರ್ಥಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತಾ, ಪ್ರತಿಯೊಂದರಲ್ಲೂ ಒಂದು ಕೆಲಸವನ್ನು ಮಾಡಿ ತೋರಿಸಬೇಕು.

ಇನ್ನೊಂದು ಕಾರಣ ಕಣ್ಣಿಗೆ ಬೀಳುವುದಿಲ್ಲ. ಕಲಸಿ ಕಲಿಸಿದ ತರಗತಿ ಆ ದಿನ ಕೆಟ್ಟದಾಗಿಯೇ ಕಾಣುತ್ತದೆ. ಮಕ್ಕಳು ಎಡವುತ್ತಾರೆ, ಗೊಣಗುತ್ತಾರೆ, ಮೇಡಂ ಸರಿಯಾಗಿ ಹೇಳಿಕೊಡಲಿಲ್ಲ ಅಂತ ಅಭಿಪ್ರಾಯ ಪತ್ರದಲ್ಲಿ ಬರೆಯುತ್ತಾರೆ. ಆ ಬರಹ ನೋಡಿ ಮುಖ್ಯಸ್ಥರು ಕರೆದು ಕೇಳಿದರೆ, ಆಕೆ ಮರುವಾರವೇ ಹಳೆಯ ರೀತಿಗೆ ಮರಳುತ್ತಾರೆ. ಹೊಸದನ್ನು ಮಾಡಿ ನೋಡಲು ಹೊರಟವರಿಗೆ ಬೇಕಾದ ಬೆಂಬಲ ಇಲ್ಲಿದೆ. ಒಂದೇ ಒಂದು ಪಾಠಕ್ಕಾದರೂ ಆ ದಿನದ ಅಳತೆ ಬಿಡಿ. ಆರು ವಾರ ಕಳೆದ ಮೇಲೆ, ಮೊದಲೇ ಹೇಳದೆ, ಬೇರೊಬ್ಬರ ಮಂಡಿ ಕೊಟ್ಟು ನೋಡಿ.