ಹಳೆ ಪುಸ್ತಕದ ಹೆಸರಿಗೆ ಬ್ಲೇಡು ಹಾಕಬೇಡಿ

ಹಳೆ ಪುಸ್ತಕ ಕೈಗೆ ಬಂದ ಕೂಡಲೇ ಹಿಂದಿನವರ ಹೆಸರನ್ನು ಬ್ಲೇಡಿನಿಂದ ಕೆರೆಯುವವರು ಶಿರಸಿಯಲ್ಲೂ ಇದ್ದಾರೆ, ಕಾರವಾರದಲ್ಲೂ ಇದ್ದಾರೆ. ಹೆಸರಿದ್ದರೆ ಬೆಲೆ ಬರುವುದಿಲ್ಲ ಅನ್ನೋದು ಅವರ ಲೆಕ್ಕ. ಅದು ಅರ್ಧ ಸತ್ಯ.

ಪುಸ್ತಕದಲ್ಲಿ ಹೆಸರು ಬರೆಯುವ ರೂಢಿ ಅಚ್ಚಿಗಿಂತ ಹಳೆಯದು. ತಾಳೆಗರಿ ಪ್ರತಿ ಮಾಡಿದವರು ಎಷ್ಟೋ ಸಲ ಕೊನೆಯಲ್ಲಿ ಸಂವತ್ಸರ, ತಿಥಿ, ತಮ್ಮ ಹೆಸರು, ಯಾರಿಗಾಗಿ ಬರೆದದ್ದು ಅಂತೆಲ್ಲ ಹಾಕುತ್ತಿದ್ದರು. ಬೆನ್ನು, ಸೊಂಟ, ಕುತ್ತಿಗೆ ಮುರಿದುಕೊಂಡು ಬರೆದಿದ್ದೇನೆ, ಜೋಪಾನ ಮಾಡಿ ಅಂತ ಒಂದು ಶ್ಲೋಕ. ಎಣ್ಣೆಯಿಂದ, ನೀರಿನಿಂದ, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖನ ಕೈಗೆ ಕೊಡಬೇಡ ಅಂತ ಪುಸ್ತಕವೇ ಗೋಗರೆಯುವ ಇನ್ನೊಂದು. ಕೊಟ್ಟ ಪುಸ್ತಕ ವಾಪಸ್ ಬರದ ಸಂಕಟ ಆಗಲೂ ಇತ್ತು, ಅಲ್ವಾ? ಜೈನರಲ್ಲಂತೂ ಗ್ರಂಥ ಬರೆಸಿ ಹಂಚುವುದೇ ಶಾಸ್ತ್ರದಾನ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿ ಮಾಡಿಸಿದ್ದು ಗೊತ್ತಿರುವ ಕತೆ. ಯಕ್ಷಗಾನ ಪ್ರಸಂಗಗಳ ಕೈಬರಹದ ಪ್ರತಿಗಳಲ್ಲೂ ಬರೆದವರ ಹೆಸರು ಸಿಗುತ್ತದೆ.

ಪುಸ್ತಕ ಯಾರದ್ದು ಅಂತ ಹೇಳುವ ಚಿತ್ರದ ಚೀಟಿ (ಬುಕ್‌ಪ್ಲೇಟ್) ಅಚ್ಚು ಹಾಕಿಸಿ ಒಳಗೆ ಅಂಟಿಸುವುದು ಮಾತ್ರ ಯುರೋಪಿನದು. 1480ರ ಸುಮಾರಿಗೆ ಜರ್ಮನಿಯ ಹಿಲ್ಡೆಬ್ರಾಂಡ್ ಬ್ರಾಂಡೆನ್‌ಬುರ್ಗ್ ಬುಕ್ಸ್‌ಹೈಮ್ ಮಠಕ್ಕೆ ಕೊಟ್ಟ ಪುಸ್ತಕಗಳಲ್ಲಿ ಗುರಾಣಿ ಹಿಡಿದ ದೇವದೂತನ ಚೀಟಿ ಇದೆ. ಆಮೇಲೆ ಡ್ಯೂರರ್‌ನಂಥ ದೊಡ್ಡ ಕಲಾವಿದ ಗೆಳೆಯ ಪಿರ್ಕ್‌ಹೈಮರ್‌ಗೆ ಚೀಟಿ ಮಾಡಿಕೊಟ್ಟ. ಅದರ ಮೇಲೆ 'ತನಗೂ ಗೆಳೆಯರಿಗೂ' ಅಂತ ಬರೆದಿದೆ, ನಮ್ಮ ಶ್ಲೋಕಕ್ಕಿಂತ ಧಾರಾಳ ಮನಸ್ಸು! 1891ರಲ್ಲಿ ಲಂಡನ್ನಿನಲ್ಲಿ ಇದಕ್ಕೊಂದು ಸಂಘವೇ ಆಯಿತು. ಆ ಕಾಲದ ಹುಚ್ಚಿನಲ್ಲಿ ಚೀಟಿಗಳನ್ನು ಪುಸ್ತಕದಿಂದ ಕಿತ್ತು ಆಲ್ಬಮ್ಮಿಗೆ ಹಚ್ಚಿದರು. ಎಷ್ಟೋ ಪುಸ್ತಕಗಳ ಊರು, ಮನೆ ಎಲ್ಲ ಅಲ್ಲಿಗೇ ಅಳಿಸಿಹೋಯಿತು.

ನಮ್ಮ ಕರಾವಳಿಯಲ್ಲಿ ಚೀಟಿ ಕಮ್ಮಿ, ಸಹಿ ಮತ್ತು ನೇರಳೆ ಮುದ್ರೆ ಜಾಸ್ತಿ. 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಸೇರಿತು ನೋಡಿ, ಹಾಗಾಗಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚಿನ ಪುಸ್ತಕದಲ್ಲಿ ಮರಾಠಿ ಸಹಿ, ಕೆಳಗೆ ಧಾರವಾಡದ ಅಂಗಡಿಯ ಮುದ್ರೆ ಕಂಡರೆ ಆಶ್ಚರ್ಯ ಬೇಡ. ಆ ಪುಸ್ತಕ ಯಾವ ದಾರಿಯಲ್ಲಿ ಬಂತು ಅನ್ನೋದಕ್ಕೆ ಬೇರೆ ಸಾಕ್ಷಿ ಇರುವುದಿಲ್ಲ. ಅದನ್ನು ಸುಮ್ನೆ ಕೆರೆದರೆ ಕಾಗದವೂ ತೆಳುವಾಗುತ್ತದೆ, ಬೆಲೆ ಇನ್ನೂ ಇಳಿಯುತ್ತದೆ.

ಬೆಲೆಯ ವಿಷಯ ಹೀಗೆ: ಗುರುತಿಲ್ಲದವರ ಹೆಸರಿದ್ದರೆ ಸ್ವಲ್ಪ ಕಡಿಮೆ, ಲೇಖಕರೇ ಯಾರಿಗೋ ಬರೆದುಕೊಟ್ಟ ಪ್ರತಿಯಾದರೆ ಜಾಸ್ತಿ. ಗ್ರಂಥಾಲಯದ ಪುಸ್ತಕವಾದರೆ ಹುಷಾರು. ಮೊದಲ ಮತ್ತು ಕೊನೆಯ ಪುಟವಲ್ಲದೆ ತಾವೇ ಗೊತ್ತು ಮಾಡಿಕೊಂಡ ಒಳಪುಟವೊಂದಕ್ಕೂ ಮುದ್ರೆ ಹಾಕುವ ಗ್ರಂಥಾಲಯಗಳಿವೆ. ಒಳಗೆ ಮುದ್ರೆ ಇದ್ದು, ಮೊದಲ ಪುಟದ್ದು ಕೆರೆದಿದ್ದು, ಪುಸ್ತಕ ತೆಗೆದುಹಾಕಿದ್ದೇವೆ ಅನ್ನುವ ಮುದ್ರೆ ಇಲ್ಲದಿದ್ದರೆ ಕದ್ದದ್ದಿರಬಹುದು, ಕೊಳ್ಳಬೇಡಿ.

ನಿಮ್ಮ ಹೆಸರು ಬರೆಯಲೇಬೇಕಾ? ಪೆನ್ಸಿಲ್ ಸಾಕು. ಚೀಟಿಗೆ ಮೈದಾ ಅಂಟು ಹಚ್ಚಿದರೆ ನಮ್ಮ ಮಳೆಗಾಲದ ತೇವಕ್ಕೆ ಬೂಸ್ಟು, ಬೆಳ್ಳಿಹುಳ ಎರಡೂ ಬರುತ್ತವೆ, ನೇರಳೆ ಶಾಯಿ ನೀರು ತಾಗಿದರೆ ಹಿಂದಿನ ಪುಟಕ್ಕೂ ಹರಡುತ್ತದೆ.